ಸಾಕೆಂದ ಮಂದಿರ

ಜಪಾನಿನ ಓಕುಮಿನೆ ಎಂಬ ಬೆಟ್ಟದೂರಿನಲ್ಲಿ ಬುದ್ಧನ ಹಳೆಯ ಮರದ ಪ್ರಾರ್ಥನಾಮಂದಿರವೊಂದಿದೆ. ಊರವರು ಅದನ್ನು ‘ಸಾಕೆಂದ ಮಂದಿರ’ ಎಂದು ಕರೆಯುತ್ತಾರೆ. ಹೊಸಿಲಾಚೆ ಚಪ್ಪಲಿ ಬಿಟ್ಟು ಒಳಗೆ ಬಂದವರ ಕಣ್ಣು ಮೊದಲು ಹೋಗುವುದು ಬುದ್ಧನ ಮೇಲಲ್ಲ, ಬಲಗಡೆಯ ಒರಟು ಕಂಬದ ಮೇಲೆ. ಉಳಿದ ಕಂಬಗಳೆಲ್ಲ ನುಣುಪಾಗಿವೆ. ಇದೊಂದರ ಮೇಲೆ ಬಾಚಿಯ ಏಟುಗಳು ಹಾಗೇ ಉಳಿದಿವೆ. ಇದನ್ನೇಕೆ ಸರಿಮಾಡಿಸಿಲ್ಲ ಎಂದು ಬಂದವರೆಲ್ಲ ಕೇಳುತ್ತಾರೆ. ನಾನೂ ಕೇಳಿದೆ. ಮಂದಿರ ನೋಡಿಕೊಳ್ಳುವ ಮುದುಕಿ ಫುಮಿನೊ, “ಅಯ್ಯೋ, ನೀವೂ ಶುರು ಮಾಡಿದ್ರಾ? ಕೂತ್ಕೊಳ್ಳಿ ಮೊದಲು” ಎಂದು ಗದರಿ ಕಥೆ ಹೇಳಿದಳು.

ಹಿಂದೆ ಒಮ್ಮೆ ಇಲ್ಲಿ, ಮಗಳು ತೀರಿಕೊಂಡ ಮೇಲೆ ಸನ್ಯಾಸಿನಿಯಾದ ಮ್ಯೋಷುನ್ ಎಂಬಾಕೆ ಇದ್ದಳಂತೆ. ಮಗಳ ಹೆಸರಿನಲ್ಲಿ ಮಂದಿರ ಕಟ್ಟಿಸಿ, ತನ್ನ ದನಿ ಉಡುಗುವ ಮುನ್ನ ಅಲ್ಲಿ ಬುದ್ಧನ ಸುತ್ತ ನಡೆಯುತ್ತ ನಾಮಜಪ ಮಾಡಬೇಕೆಂಬುದೊಂದೇ ಅವಳ ಹರಕೆ. ಊರೂರು ಬೇಡಿ, ಗೆನ್‌ಜಿರೋ ಎಂಬ ಬಡಗಿಯನ್ನು ಕರೆಸಿದಳು. ಅವನ ಕೈ ಚಿನ್ನದಂಥದ್ದು, ಸ್ವಭಾವ ಮಾತ್ರ ದೇವರಿಗೇ ಪ್ರೀತಿ. ಚಾವಣಿಯ ಮಾಡು ಏರಿಸಿದ, ಕೂದಲೆಳೆಯಷ್ಟು ಓರೆ ಎಂದು ಇಳಿಸಿದ. ಬಾಗಿಲು ಕೂರಿಸಿದ, ಕಿರ್ರೆನ್ನುತ್ತದೆಂದು ಕಿತ್ತ. ಮೊಳೆಯಿಲ್ಲದೆ ಬೆಸೆದ ಕಟ್ಟಡವಾದ್ದರಿಂದ ಒಂದು ಮರ ಬಿಚ್ಚಿದರೆ ಪಕ್ಕದವನ್ನೂ ಬಿಚ್ಚಲೇಬೇಕು. ವರ್ಷಗಳು ಉರುಳಿದವು, ಮ್ಯೋಷುನ್‌ಳ ದನಿ ಒಡೆಯಿತು. ಕೇಳಿದಾಗಲೆಲ್ಲ ಅವನದು ಒಂದೇ ಮಾತು: “ಇನ್ನೊಂಚೂರು ಇದೆ, ತಾಯಿ.” ಕೊನೆಗೆ ಒಂದು ಕಂಬಕ್ಕೆ ಕೀಸುಳಿ ಹಾಕಿ ನುಣುಪು ಮಾಡುವುದಷ್ಟೇ ಉಳಿಯಿತು. ಆ ಪುಣ್ಯಾತ್ಮ ಅದರಲ್ಲೊಂದು ಬಿರುಕು ಕಂಡು, ಕಂಬ ಬದಲಿಸಲು ಮಾಡನ್ನೇ ಇಳಿಸಲೆಂದು ಮತ್ತೆ ಹಗ್ಗ ಕಟ್ಟಿದ! ಮ್ಯೋಷುನ್‌ಗೆ ರೇಗಿಹೋಯಿತು. ಚಪ್ಪಲಿ ಕಳಚಿ ಎಸೆದು ಒಳನುಗ್ಗಿ, “ಸಾಕು! ಬುದ್ಧ ನಿನ್ನ ಕಂಬ ನೋಡೋಕೆ ಬರ್ತಾನೇನೋ? ನನ್ ಮಗಳು ಕಾಯ್ತಿದಾಳೆ!” ಎಂದು ಕೂಗಿದವಳೇ ಅದೇ ಒಡಕು ದನಿಯಲ್ಲಿ ಜಪ ಹಿಡಿದು ಸುತ್ತತೊಡಗಿದಳು. ಜಪ ನಡೆಯುವಾಗ ಅಲ್ಲಿ ಉಪಕರಣ ಮುಟ್ಟುವಂತಿಲ್ಲ. ಗೆನ್‌ಜಿರೋ ಕೀಸುಳಿ ಹಿಡಿದು, ಗೊಣಗುತ್ತ, ಆ ಕಂಬಕ್ಕೇ ಒರಗಿ ಕಾದ. ಅವಳು ನಿಲ್ಲಿಸಿದರೆ ತಾನೇ? ಅವಳು ದಣಿದಾಗ ಊರ ಹೆಂಗಸರು ದನಿಗೂಡಿಸಿದರು. ಅವನು ದಿನವೂ ಬಂದು ಕಾದ. ಆ ಚಳಿಗಾಲ ಕಳೆಯುವಷ್ಟರಲ್ಲಿ ಮ್ಯೋಷುನ್ ತೀರಿಕೊಂಡಳು, ಜಪ ನಿಂತಿತು. ಇನ್ನು ಕಂಬ ಬದಲಿಸಲು, ಕೀಸಲು ಯಾವ ಅಡ್ಡಿಯೂ ಇರಲಿಲ್ಲ. ಎಲ್ಲರೂ ಅವನತ್ತ ನೋಡಿದರು. ಗೆನ್‌ಜಿರೋ ಕೀಸುಳಿ ಕೆಳಗಿಟ್ಟು, ತಾಯಿ ಮಗಳಿಬ್ಬರ ಹೆಸರಿನಲ್ಲಿ ತಾನೇ ಜಪ ಹಿಡಿದ ಎನ್ನುತ್ತಾರೆ. ಸಾಯುವ ತನಕ ದಿನವೂ ಅಲ್ಲೇ ಕೂತು ಜಪಿಸಿದನಂತೆ.

ಕಥೆ ಮುಗಿದಾಗ ನಾನು ಆ ಕಂಬದೆದುರಿಗೇ ಕೂತಿದ್ದೆ. ಕೂತವರ ಬೆನ್ನು ತಾಗುವ ಎತ್ತರದಲ್ಲಿ, ಒಂದು ಅಂಗೈಯಗಲ ಮಾತ್ರ, ಆ ಮರ ನುಣ್ಣಗೆ ಹೊಳೆಯುತ್ತಿತ್ತು. ನಿಂತಿದ್ದಾಗ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.