ಸುಣ್ಣಗಾರನ ಒಂದು ವರಹ

"ಗುರುಗಳೇ, ಬಡವನ ತಲೆಯ ಮೇಲಿನ ಕರವನ್ನು ಇಳಿಸುವುದಕ್ಕಿಂತ ದೊಡ್ಡ ಪುಣ್ಯ ಬೇರೆ ಇದೆಯೇ?" ಎಂದು ಶಿಷ್ಯ ಕೇಳಿದ.

ಶಿಷ್ಯ ದೇಶದ ಮಹಾಸಭೆಯ ಸದಸ್ಯ. ಆದಾಯ ಕರದ ಹಂತಗಳನ್ನು ತಿದ್ದುವ ಮಸೂದೆಯನ್ನು ಅವನೇ ಬರೆದಿದ್ದ. ಕೆಳಗಿನ ಹಂತದವರು ಇನ್ನು ಮುಂದೆ ಏನೂ ಕೊಡಬೇಕಾಗಿಲ್ಲ, ಮೇಲಿನವರು ಇನ್ನಷ್ಟು ಕೊಡಬೇಕು ಎಂದು ಅದರಲ್ಲಿತ್ತು. ಅದನ್ನು ಮತಕ್ಕೆ ಹಾಕಲು ಎರಡು ದಿನ ಉಳಿದಿತ್ತು. ಗುರುಗಳು ಹರಸಿ ಕಳಿಸಲಿ ಎಂದು ಬಂದಿದ್ದ.

ಗುರುಗಳು ಹರಸಲಿಲ್ಲ. "ಪುಣ್ಯದ ವಿಚಾರ ನನಗೆ ಅಷ್ಟಾಗಿ ತಿಳಿಯದು. ಒಂದು ಕತೆ ತಿಳಿದಿದೆ, ಕೂತುಕೋ" ಎಂದು ಹೇಳತೊಡಗಿದರು.

ಒಂದು ದೇಶದಲ್ಲಿ ಆದಾಯಕ್ಕೆ ನಾಲ್ಕು ಮೆಟ್ಟಿಲುಗಳಿದ್ದವು. ವರ್ಷಕ್ಕೆ ನೂರು ವರಹದವರೆಗೆ ದುಡಿದವನಿಗೆ ಕರವಿಲ್ಲ. ನೂರು ದಾಟಿದರೆ, ದಾಟಿದ ಭಾಗಕ್ಕೆ ಮಾತ್ರ, ಇಪ್ಪತ್ತಕ್ಕೆ ಒಂದು. ಅದರಾಚೆಯ ಮೆಟ್ಟಿಲಿಗೆ ಹತ್ತಕ್ಕೆ ಒಂದು. ತುದಿಯ ಮೆಟ್ಟಿಲಿಗೆ ಐದಕ್ಕೆ ಒಂದು. ಕರ ಸಲ್ಲಿಸುವ ದಿನ ಪ್ರತಿ ಊರಿನ ಚಾವಡಿಯಲ್ಲಿ ಒಂದು ಪದ್ಧತಿ ನಡೆಯುತ್ತಿತ್ತು. ಹಣವನ್ನು ಮಣೆಯ ಮೇಲಿಟ್ಟವನು ಒಂದು ಬೇಡಿಕೆ ಹೇಳಬಹುದು. ಗುಮಾಸ್ತ ಅದನ್ನು ಬರೆದುಕೊಳ್ಳುತ್ತಾನೆ. ಸಭೆ ವರ್ಷದೊಳಗೆ ಉತ್ತರ ಕೊಡಲೇಬೇಕು. ಹಣ ಇಡದವನ ಮಾತನ್ನು ಬರೆಯುವಂತಿಲ್ಲ. ಸಭೆಯಲ್ಲಿ ಕೂತವರೆಲ್ಲ ಹಣ ಇಡುವ ಮನೆತನದವರು. ಆದ್ದರಿಂದ ಈ ಪದ್ಧತಿ ಅವರಲ್ಲಿ ಯಾರಿಗೂ ಚುಚ್ಚಿರಲಿಲ್ಲ.

ಆ ದೇಶದ ಒಂದು ಹೊಳೆಯ ದಡದಲ್ಲಿ ಒಬ್ಬ ಸುಣ್ಣಗಾರನಿದ್ದ. ಚಿಪ್ಪು ಆರಿಸಿ ತಂದು, ಗೂಡಿನಲ್ಲಿ ಸುಟ್ಟು, ಸುಣ್ಣ ಮಾಡಿ ಮಾರುತ್ತಿದ್ದ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಸುಣ್ಣದವನಿಗೆ ಕೈ ಸುಟ್ಟರೂ ನೀರು ಮಜ್ಜಿಗೆಯೇ ಗತಿ. ಹೆಂಡತಿ ತೀರಿಕೊಂಡಿದ್ದಳು. ಒಬ್ಬಳೇ ಮಗಳು, ಹೊನ್ನವ್ವ. ಅವಳನ್ನು ಹೊಳೆಯಾಚೆಯ ಊರಿಗೆ ಕೊಟ್ಟಿದ್ದ. ಕಣ್ಣಿಗೆ ಕಾಣುವ ಊರು. ಆದರೆ ಹೊಳೆಯ ತುಂಬ ಬಂಡೆ, ಸುಳಿ; ದೋಣಿ ಹಾಕುವವರಿಲ್ಲ. ಬಳಸಿ ಹೋದರೆ ನಾಲ್ಕು ದಿನದ ದಾರಿ; ಅಷ್ಟು ದಿನ ಗೂಡು ಆರಿದರೆ ಅವನಿಗೆ ಹೊಟ್ಟೆಗಿಲ್ಲ. ಒಂಬತ್ತು ವರ್ಷದಲ್ಲಿ ಅವಳು ತವರಿಗೆ ಬಂದದ್ದು ಒಂದೇ ಸಲ, ಅದೂ ತಾಯಿಯಾಗುವ ಮೊದಲು.

ಸುಣ್ಣಗಾರ ತನ್ನ ದಡದ ದೊಡ್ಡ ಬಂಡೆಯೊಂದಕ್ಕೆ ಪ್ರತಿ ಅಮಾವಾಸ್ಯೆಗೆ ಸುಣ್ಣ ಬಳಿಯುತ್ತಿದ್ದ. ಬಂಡೆ ಬೆಳ್ಳಗಿದ್ದರೆ ಅಪ್ಪ ಚೆನ್ನಾಗಿದ್ದಾನೆ ಎಂದು ಮಗಳು ತಿಳಿಯುತ್ತಿದ್ದಳು. ಮಗು ಹುಟ್ಟಿದಾಗ ಅವಳು ಅದನ್ನು ಆಚೆ ದಡಕ್ಕೆ ತಂದು ಎರಡೂ ಕೈಯಲ್ಲಿ ಎತ್ತಿ ತೋರಿಸಿದಳು. ಗಂಡೋ ಹೆಣ್ಣೋ ಅಷ್ಟು ದೂರಕ್ಕೆ ಗೊತ್ತಾಗಲಿಲ್ಲ. ಅವನು ಕೈಯೆತ್ತಿ ಹರಸಿದ, ಗುಡಿಸಲಿಗೆ ಬಂದು ಅತ್ತ. ಬರಬರುತ್ತ ಆ ಮಗು ತಾಯಿಯ ಮಗ್ಗುಲಲ್ಲಿ ತಾನೇ ನಿಲ್ಲತೊಡಗಿತು. ಅದರ ದನಿ ಹೇಗಿದೆಯೋ, ಅಜ್ಜ ಎನ್ನಲು ಬರುತ್ತದೆಯೋ ಇಲ್ಲವೋ ಎಂದು ಅವನು ಗೂಡಿನ ಮುಂದೆ ಕೂತು ಯೋಚಿಸುತ್ತಿದ್ದ. ಅವನಿಗೆ ಉಳಿದದ್ದು ಒಂದೇ ಹಂಬಲ. ನೂರು ವರಹ ದಾಟಬೇಕು, ಚಾವಡಿಯ ಮಣೆಯ ಮೇಲೆ ಹಣ ಇಡಬೇಕು, ಹೊಳೆಗೊಂದು ಸೇತುವೆ ಕೇಳಬೇಕು.

ಮೆಟ್ಟಿಲು ಹತ್ತಿದರೆ ಕರ ಬೀಳುತ್ತದೆಂದು ಜನ ಅಂಜುತ್ತಾರೆ. ಇವನು ಹತ್ತುವುದಕ್ಕೇ ಆರು ವರ್ಷ ಹೆಣಗಿದ. ಒಂದು ವರ್ಷ ಎಂಬತ್ತಕ್ಕೆ ನಿಂತ. ಇನ್ನೊಂದು ವರ್ಷ ತೊಂಬತ್ತೇಳಕ್ಕೆ. ಆ ಮೂರು ವರಹಕ್ಕಾಗಿ ಅವನು ಮರುಗಿದಷ್ಟು ಯಾವ ಸಾಹುಕಾರನೂ ಮೂರು ಸಾವಿರಕ್ಕೆ ಮರುಗಿರಲಾರ. ಎರಡನೆಯ ಗೂಡು ಕಟ್ಟಿದ. ಮೈ ಬಗ್ಗಿತು, ಕಣ್ಣು ಮಂಜಾಯಿತು. ಏಳನೆಯ ವರ್ಷ ನೂರಿಪ್ಪತ್ತಾಯಿತು. ಕರ ಒಂದು ವರಹ. ಅದನ್ನು ತೊಳೆದು ಬಟ್ಟೆಯಲ್ಲಿ ಕಟ್ಟಿಟ್ಟುಕೊಂಡ.

ಅದೇ ವರ್ಷ ರಾಜಧಾನಿಯಲ್ಲಿ ಸಭೆಯ ಒಬ್ಬ ಸದಸ್ಯನಿಗೆ ಬಡವರ ಮೇಲೆ ಕರುಣೆ ಹುಟ್ಟಿತು. ನಿಜವಾದ ಕರುಣೆಯೇ, ಅದರಲ್ಲಿ ಕಲಬೆರಕೆ ಇರಲಿಲ್ಲ. ಮೂರು ದಿನ ವಾದಿಸಿ ನೂರರ ಗೆರೆಯನ್ನು ನೂರೈವತ್ತಕ್ಕೆ ಏರಿಸಿದ. ತುದಿಯ ಮೆಟ್ಟಿಲಿಗೆ ನಾಲ್ಕಕ್ಕೆ ಒಂದು ಎಂದು ಮಾಡಿಸಿದ. ತುದಿಯವರು ಗೊಣಗಿದರು, ಕೊಟ್ಟರು, ತಮ್ಮ ಗಾಣಗಳಿಗೆ ರಸ್ತೆ ಕೇಳಿ ಬರೆಸಿದರು. ಬಡವರ ಸಂತೋಷವನ್ನು ಕಣ್ಣಾರೆ ಕಾಣಬೇಕೆಂದು ಆ ಸದಸ್ಯ ಕರದ ದಿನ ಹೊಳೆದಂಡೆಯ ಊರಿಗೇ ಬಂದು ಚಾವಡಿಯಲ್ಲಿ ಕೂತ. ಗೆರೆ ಏರಿದ ಸುದ್ದಿ ಸುಣ್ಣದ ಗೂಡಿನವರೆಗೆ ಮುಟ್ಟಿರಲಿಲ್ಲ.

ಸುಣ್ಣಗಾರ ಒಗೆದ ಧೋತರ ಉಟ್ಟು ಬಂದು ಮಣೆಯ ಮೇಲೆ ವರಹ ಇಟ್ಟ. "ಯಪ್ಪಾ, ನಂದೂ ತಗೋರಿ. ಒಂದು ಮಾತು ಬರೆಸೋದೈತಿ" ಎಂದ.

ಸದಸ್ಯ ವರಹವನ್ನು ಎತ್ತಿ ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದ. "ನೀನಿನ್ನು ಕೊಡೋದು ಬೇಡಪ್ಪ. ನೂರೈವತ್ತು ದಾಟೋವರೆಗೆ ನಿನ್ನಂಥವರನ್ನೆಲ್ಲ ಬಿಟ್ಟಿದ್ದೀವಿ. ಇದರಲ್ಲಿ ಮೊಮ್ಮಕ್ಕಳಿಗೆ ಏನಾದರೂ ತಗೊಂಡು ಹೋಗು."

ನೂರೈವತ್ತು ಆ ಮುದುಕನಿಗೆ ಈ ಜನ್ಮದಲ್ಲಿ ಆಗದ ಮಾತು. ಅವನು ಗುಮಾಸ್ತನ ಕಡೆ ನೋಡಿದ. ಗುಮಾಸ್ತ ಪದ್ಧತಿ ಬಲ್ಲವನು, ಲೇಖನಿ ಕೆಳಗಿಟ್ಟ. ಮುದುಕನ ಕಣ್ಣಿಂದ ನೀರು ಇಳಿಯಿತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸದಸ್ಯ ಅವನ ಬೆನ್ನು ತಟ್ಟಿ ಮುಂದಿನವನನ್ನು ಕರೆದಿದ್ದ.

ಸದಸ್ಯ ರಾಜಧಾನಿಗೆ ಮರಳಿ ಸಭೆಯಲ್ಲಿ ಎದ್ದು ನಿಂತ. "ಒಂದು ವರಹ ಉಳಿದ ಸಂತೋಷಕ್ಕೆ ಒಬ್ಬ ಬಡವ ಅತ್ತದ್ದನ್ನು ನಾನೇ ಕಂಡೆ" ಎಂದ. ಸಭೆ ಮೇಜು ಕುಟ್ಟಿತು. ಅವನು ಸುಳ್ಳು ಹೇಳಲಿಲ್ಲ, ಪಾಪ. ಅತ್ತದ್ದನ್ನು ಕಂಡಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಕತೆ ಇನ್ನೂ ಇರಬೇಕೆಂದು ಶಿಷ್ಯ ಬಹಳ ಹೊತ್ತು ಕಾದ. ಕೊನೆಗೆ ತಡೆಯಲಾರದೆ, "ಆ ಸೇತುವೆ ಆಯಿತೇ, ಗುರುಗಳೇ?" ಎಂದ.

"ಸಭೆಯಲ್ಲಿ ಕೂರುವವರ ಪೈಕಿ ಅದನ್ನು ಕೇಳಿದ ಮೊದಲನೆಯವನು ನೀನು" ಎಂದರು ಗುರುಗಳು.