ಹೊಂಬೆಟ್ಟದ ಅರಮನೆಗೆ ಲೈನು ಆರಿಸಿದ್ದು

ಅದು ಬೇರೆಲ್ಲ ದಿನಗಳಂಥದೇ ಒಂದು ದಿನ. ಹೊಂಬೆಟ್ಟದ ಪೇಟೆಯಲ್ಲಿ ಹೆಂಗಸರು ಸೊಪ್ಪು ಆರಿಸುತ್ತಿದ್ದರು, ಕ್ಷೌರದ ಅಂಗಡಿಯಲ್ಲಿ ಒಬ್ಬನ ಗಡ್ಡ ಅರ್ಧ ಆಗಿತ್ತು. ಆಗ ಡಂಗುರದವನು ಬಂದು ಕಟ್ಟೆಯೇರಿ ನಿಂತ.

"ಕೇಳಿರಪ್ಪಾ ಕೇಳಿ! ಮಹಾರಾಣಿಯವರು ತೀರಿಕೊಂಡದ್ದರಿಂದ ರಾಜಕುಮಾರಿ ವೈಜಯಂತಿ ಅಮ್ಮಣ್ಣಿಯವರು ನಾಡಿನ ಪದ್ಧತಿಯಂತೆ ಒಂದು ವರ್ಷ ಅರಮನೆಯ ಹೊಸಿಲು ದಾಟುವುದಿಲ್ಲ. ಪೇಟೆಯಲ್ಲಿ ನಡೆಯುತ್ತಿದ್ದ ಆಸ್ಥಾನವನ್ನು ಅರಮನೆಯಲ್ಲೇ ಕೂತು ಇಂಟರ್‌ನೆಟ್ಟಿನಲ್ಲಿ ನಡೆಸುತ್ತಾರೆ. ಅದಕ್ಕೆ ತಕ್ಕ ಲೈನು ಆರಿಸಿಕೊಡುವವನು ಮೊದಲು ಮೂರು ಒಗಟು ಬಿಡಿಸಬೇಕು. ಬಿಡಿಸಿದರೆ ಕೇಳಿದ್ದು ಸಿಗುತ್ತದೆ. ತಪ್ಪಿದರೆ ಅಮಾವಾಸ್ಯೆಗೆ ತಲೆ ಹೋಗುತ್ತದೆ!"

ಇಷ್ಟು ಕಠಿಣ ಷರತ್ತು ಏಕೆಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಮಹಾರಾಣಿ ಚಿಕಿತ್ಸೆಗೆಂದು ದೂರದ ಊರಿಗೆ ಹೋಗಿದ್ದರು. ಕೊನೆಯ ಸಂಜೆ ತಾಯಿ ಮಗಳು ವಿಡಿಯೊದಲ್ಲಿ ಮಾತಿಗೆ ಕೂತರು. ತಾಯಿಯ ಮಾತು ಇತ್ತ ಬಂತು. ಮಗಳ ಮಾತು ಅತ್ತ ಹೋಗಲಿಲ್ಲ. "ಮಗಾ, ಮಾತಾಡು, ಕೇಳಿಸುತ್ತಿಲ್ಲ" ಎನ್ನುತ್ತಲೇ ಅವರು ಹೋದರು. ಆ ಲೈನು ಮಾರಿದವನು ಇದಕ್ಕಿಂತ ಒಳ್ಳೆಯದು ಲೋಕದಲ್ಲೇ ಇಲ್ಲವೆಂದು ಆಣೆಯಿಟ್ಟಿದ್ದ.

ಲೈನು ಮಾರುವವರೇ ಮೊದಲು ಬಂದರು. ಅವರಲ್ಲಿ ಕೆಂಚಣ್ಣನೂ ಒಬ್ಬ. ಮನೆಮನೆ ತಿರುಗಿ ಪ್ಲಾನು ಮಾರುವವನು, ಮಾತಿನಲ್ಲಿ ಚುರುಕು.

ಪರದೆಯ ಹಿಂದಿನಿಂದ ರಾಜಕುಮಾರಿ ಕೇಳಿದಳು. "ಒಂದು ಮನೆಗೆ ಒಳಗೆ ಬರಲು ಆನೆ ನುಗ್ಗುವ ಹೆಬ್ಬಾಗಿಲು. ಹೊರಗೆ ಹೋಗಲು ಬೆಕ್ಕು ನುಸುಳುವ ಕಂಡಿ. ಯಾವ ಮನೆ?"

"ಸೆರೆಮನೆ, ಅಮ್ಮಣ್ಣಿಯವರೇ!" ಎಂದ ಕೆಂಚಣ್ಣ, ನಗುತ್ತ.

ಅವನನ್ನು ಅಲ್ಲಿಗೇ ಕಳಿಸಿದರು. ಮುಂದಿನವನು ಸಾವಿನ ಮನೆ ಎಂದ, ಅವನೂ ಹೋದ. ಇನ್ನೊಬ್ಬ ಮೊದಲನೆಯದನ್ನು ದಾಟಿ ಎರಡನೆಯದರಲ್ಲಿ ಬಿದ್ದ. ಆಮೇಲೆ ಯಾರೂ ಬರಲಿಲ್ಲ. ಅಮಾವಾಸ್ಯೆ ಹತ್ತಿರವಾಯಿತು.

ಕೆಂಚಣ್ಣನ ತಮ್ಮ ಚೆನ್ನಿಗ, ದೂರದ ಕಂಬಳಿ ಕಾರ್ಖಾನೆಯ ಗಿರಾಕಿಗಳ ದೂರುಗಳಿಗೆ ಮನೆಯ ಪಡಸಾಲೆಯಲ್ಲೇ ಕೂತು ವಿಡಿಯೊದಲ್ಲಿ ಉತ್ತರ ಹೇಳುವ ಕೆಲಸದವನು. ಅವನು ಅವ್ವನ ಕಾಲು ಮುಟ್ಟಿ ಹೊರಟ.

ಬಾಗಿಲ ಕಾವಲುಗಾರ ಅವನನ್ನು ಮೇಲಿಂದ ಕೆಳಗೆ ನೋಡಿದ. "ನಿಮ್ಮವ್ವನಿಗೆ ಇಬ್ಬರೇ ಮಕ್ಕಳಂತಲ್ಲೋ. ಜೋಡಿ ಒಡೆಯೋದು ಬೇಡ, ನೀನೂ ಬಾ."

ಸೆರೆಮನೆಯ ಕಿಟಕಿಯಿಂದ ಕೆಂಚಣ್ಣ ಕೂಗಿದ. "ಲೋ ತಮ್ಮಾ, ತಲೆ ಕೆಟ್ಟಿದೆಯೇನೋ? ವಾಪಸ್ ಹೋಗು! ಅವ್ವನ ಹತ್ತಿರ ಯಾರಿರ್ತಾರೆ?"

"ನಿನ್ನನ್ನೇ ಕರಕೊಂಡು ಹೋಗೋಕೆ ಬಂದಿದ್ದೀನಿ, ಸುಮ್ಮನಿರಣ್ಣ" ಎಂದ ಚೆನ್ನಿಗ.

ಮೊದಲ ಒಗಟು ಕೇಳಿ ಅವನು ಹೆಚ್ಚು ಯೋಚಿಸಲಿಲ್ಲ. "ಲೈನು ಸರಿಯಿಲ್ಲದ ನನ್ನ ಮನೆಯೇ, ತಾಯೀ. ಸಿನಿಮಾ, ಹಾಡು, ಎಲ್ಲ ಧಾರಾಳ ಒಳಗೆ ಬರುತ್ತವೆ. ನನ್ನ ಮಾತು ಹೊರಗೆ ಹೋಗಲು ಮಾತ್ರ ಸಂದಿಯಷ್ಟೇ ಜಾಗ. ಮಾರುವವರು ಬರುವ ವೇಗವನ್ನೇ ಹೇಳುತ್ತಾರೆ. ನೋಡುವವನಿಗೆ ಅಷ್ಟು ಸಾಕು. ಮನೆಯಿಂದ ದುಡಿಯುವವನಿಗೆ ಹೋಗುವ ವೇಗವೂ ಬೇಕು."

ಪರದೆಯ ಹಿಂದಿನಿಂದ ಎರಡನೆಯದು ಬಂತು. "ಹಗಲೆಲ್ಲ ತುಂಬಿರುವ ಕೆರೆ, ದೀಪ ಹಚ್ಚುವ ಹೊತ್ತಿಗೆ ತಳ ಕಾಣುತ್ತದೆ. ಏರಿ ಒಡೆದಿಲ್ಲ, ಕಳ್ಳ ಬಂದಿಲ್ಲ. ನೀರು ಎಲ್ಲಿ ಹೋಯಿತು?"

"ಅಕ್ಕಪಕ್ಕದ ಮನೆಗೆ. ಒಂದೇ ಲೈನನ್ನು ಇಡೀ ಬೀದಿಗೆ ಹಂಚಿರುತ್ತಾರೆ. ಹಗಲು ಜನ ಹೊರಗಿರುತ್ತಾರೆ, ಆಗ ತೋರಿಸಿ ಮಾರುತ್ತಾರೆ. ಸಂಜೆ ಎಲ್ಲರೂ ಮನೆಗೆ ಬಂದು ಮೊಗೆಯುತ್ತಾರೆ. ಕೊಳ್ಳುವವನು ಸಂಜೆ ಹೋಗಿ ನೆರೆಯವರನ್ನು ಕೇಳಬೇಕು."

ಮೂರನೆಯದನ್ನು ಕೇಳುವಾಗ ರಾಜಕುಮಾರಿಯ ಧ್ವನಿ ತಗ್ಗಿತು.

"ಅಕ್ಕ ತಂಗಿಯರಿಬ್ಬರು ಒಂದು ಸಣ್ಣ ದೋಣಿ ಹತ್ತಿದರು. ಅಕ್ಕ ದಪ್ಪ, ನೋಡಲು ಚೆಲುವೆ. ತಂಗಿ ಹಗುರ, ಕಣ್ಣಿಗೇ ಕಾಣದವಳು. ನಡುಹೊಳೆಯಲ್ಲಿ ಇಬ್ಬರೂ ಮುಳುಗಿದರು. ಅವರು ಯಾರು? ತಂಗಿಯಾದರೂ ದಡ ಸೇರಲು ಏನು ಮಾಡಬೇಕಿತ್ತು?"

ಚೆನ್ನಿಗನಿಗೆ ಉತ್ತರ ತಕ್ಷಣ ತಿಳಿಯಿತು. ತಿಳಿದದ್ದರಿಂದಲೇ ಬಾಯಿ ಬರಲಿಲ್ಲ. ದಿನವೂ ಅವನು ಮಾಡುತ್ತಿದ್ದ ಕೆಲಸವೇ ಅದು. ಆದರೆ ಅದನ್ನು ಇಲ್ಲಿ ಹೇಳಿದರೆ ಯಾರಿಗೆ ನಾಟುತ್ತದೆಂದು ಅವನಿಗೆ ಗೊತ್ತಿತ್ತು.

"ಗೊತ್ತಿಲ್ಲವೇ?" ಎಂದು ಮಂತ್ರಿ ಕೇಳಿದ. ಕಾವಲುಗಾರ ಒಂದು ಹೆಜ್ಜೆ ಮುಂದೆ ಬಂದ.

"ಗೊತ್ತು. ಹೇಳಿದರೆ ಅಮ್ಮಣ್ಣಿಯವರಿಗೆ ನೋವಾಗುತ್ತದೆ."

"ಹೇಳು" ಎಂದಳು ರಾಜಕುಮಾರಿ.

"ಅಕ್ಕ ಚಿತ್ರ. ತಂಗಿ ಮಾತು. ಲೈನು ಸೊರಗಿದಾಗ ನಾನು ಮೊದಲು ನನ್ನ ವಿಡಿಯೊ ನಿಲ್ಲಿಸುತ್ತೇನೆ. ಚಿತ್ರ ಇಳಿದರೆ ಮಾತಿಗೆ ಜಾಗವಾಗುತ್ತದೆ."

"ನಾನು ಅಂದು ಮುಖ ತೋರಿಸದೆ ಇದ್ದಿದ್ದರೆ?"

ಚೆನ್ನಿಗ ತಲೆ ತಗ್ಗಿಸಿದ. "ಮಾತು ಹೋಗುತ್ತಿತ್ತು, ತಾಯೀ."

ಆಮೇಲೆ ವೈಜಯಂತಿ ತಾನೇ ಪರದೆ ಸರಿಸಿದಳು.

"ಮರುದಿನವೇ ನನಗೆ ಹೊಳೆದಿತ್ತು" ಎಂದಳು. "ಈ ಆಸ್ಥಾನದವರಿಗೂ ಹೊಳೆದಿತ್ತು. ಎಲ್ಲರೂ ಲೈನನ್ನು ಬೈದರು, ಮಾರಿದವನನ್ನು ಬೈದರು. ಇದೊಂದನ್ನು ಯಾರೂ ನನ್ನೆದುರು ಹೇಳಲಿಲ್ಲ."

"ಅಮ್ಮಣ್ಣಿಯವರೇ, ಆ ಹೊತ್ತಿನಲ್ಲಿ ಯಾವ ಮಗಳೂ ತನ್ನ ಮುಖ ಮರೆಮಾಡುತ್ತಿರಲಿಲ್ಲ" ಎಂದ ಚೆನ್ನಿಗ. "ಅದು ಒಗಟಿನ ಉತ್ತರವಲ್ಲ. ಆದರೂ ಹೇಳಿದೆ."

ಅವಳು ಕಣ್ಣು ಒರೆಸಿಕೊಂಡು, "ನಿನಗೇನು ಬೇಕು ಕೇಳು" ಎಂದಳು.

"ಸೆರೆಯಲ್ಲಿ ನನ್ನಣ್ಣ ಇದ್ದಾನೆ. ಜೊತೆಗಿರುವವರೂ ಮನೆಗೆ ಹೋಗಲಿ. ಕಳೆದುಹೋದ ಆ ಸಂಜೆಗೆ ಅವರ ತಲೆ ಬೆಲೆಯಲ್ಲ."

ಬಾಗಿಲು ತೆಗೆಸಿದರು. ಚೆನ್ನಿಗನನ್ನು ಅರಮನೆಯ ಲೈನುಗಳ ಮೇಲ್ವಿಚಾರಕನನ್ನಾಗಿ ಮಾಡಿದರು. ಅವನು ಸಂಜೆ ಹೊತ್ತಿನಲ್ಲಿ ಅರಮನೆಯ ನೆರೆಯವರನ್ನು ವಿಚಾರಿಸಿ, ಬರುವ ಹೋಗುವ ವೇಗ ಒಂದೇ ಸಮವಿರುವ, ಬೀದಿಯೊಡನೆ ಹಂಚಿಕೊಳ್ಳದ ಪ್ಲಾನನ್ನು ಆರಿಸಿದ. ಮುಂದಿನ ವಾರ ವೈಜಯಂತಿ ಆಸ್ಥಾನ ನಡೆಸಿದಳು. ಕೊನೆಯ ಸಾಲಿನವನಿಗೂ ಕೇಳಿಸಿತು.

ಬಿಡುಗಡೆಯಾದ ದಿನ ಅಣ್ಣತಮ್ಮಂದಿರು ಮನೆ ಮುಟ್ಟುವಾಗ ಹೊತ್ತು ಇಳಿದಿತ್ತು. ಅವ್ವ ಒಳಗಿದ್ದಳು. ಹಿತ್ತಲಿನ ಹಗ್ಗದ ಮೇಲೆ ಕೆಂಚಣ್ಣನ ಅಂಗಿಯನ್ನು ಆಗಲೇ ಒಗೆದು ಹಾಕಿದ್ದಳು, ಬಂದವನು ತೊಡಲೆಂದು.