ಮನೆಯೆಲ್ಲಿ ಎಂದು ಕೇಳಿದವನು

“ಗುರುಗಳೇ, ಸೂರಿಲ್ಲದವರನ್ನೇ ಕಂಡು, ಅವರ ಬಾಯಿಂದಲೇ ಕೇಳಿ ತಂದ ಲೆಕ್ಕವನ್ನೂ ನಂಬಬಾರದೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಅರಸನಿಗೆ ತನ್ನ ಊರಿನಲ್ಲಿ ಸೂರಿಲ್ಲದವರಿಗಾಗಿ ಛತ್ರ ಕಟ್ಟಿಸುವ ಮನಸ್ಸಾಯಿತು. ಅಂಥವರು ಎಷ್ಟು ಜನರಿದ್ದಾರೆಂದು ತಿಳಿದು ಬರಲು ಒಬ್ಬ ಅಧಿಕಾರಿಯನ್ನು ಕಳಿಸಿದ. ಅಧಿಕಾರಿ ಒಳ್ಳೆಯವನು, ಊರಿಗೆ ಹೊಸಬ. ಛತ್ರದ ಮಾತೆತ್ತಿದರೆ ಮನೆಯಿದ್ದವರೂ ಇಲ್ಲವೆಂದಾರು ಎಂದು ಅವನಿಗೆ ಅನುಮಾನ. ಹಾಗಾಗಿ ಯಾಕೆ ಕೇಳುತ್ತಿದ್ದೇನೆಂದು ಯಾರಿಗೂ ಹೇಳಲಿಲ್ಲ.

ಸಂತೆಕಟ್ಟೆಯ ಮೇಲೆ ಒಬ್ಬ ಹೆಂಗಸು ಮಗಳೊಂದಿಗೆ ಬದುಕುತ್ತಿದ್ದಳು. ಮಗಳಿಗೆ ಕೆಮ್ಮು. ಅಧಿಕಾರಿ ಬಂದು, ನಿನ್ನ ಮನೆಯೆಲ್ಲಿ ಎಂದು ಮೆತ್ತಗೆ ವಿಚಾರಿಸಿದ. ಅದು ನಿಮಗೆ ಯಾಕೆ ಬೇಕು ಎಂದು ಅವಳು ಕೇಳಿದಳು. ಸುಮ್ಮನೆ ಕೇಳಿದೆ ಎಂದ. ಅವಳಿಗೂ ಅನುಮಾನ ಹುಟ್ಟಿತು. ಹೊಳೆಯಾಚೆ ಅಣ್ಣನ ಮನೆಯಿದೆ, ಸಂತೆಗೆಂದು ಬಂದವಳು, ಈಗ ಹೊರಟೆ ಎಂದಳು. ಅವನು ನಂಬಲೆಂದು ಗಂಟು ಕಟ್ಟಿ, ಮಗಳನ್ನು ಎತ್ತಿಕೊಂಡು ಹೊಳೆಯತ್ತ ನಡೆದುಬಿಟ್ಟಳು. ಅದನ್ನು ಕಂಡ ಕಟ್ಟೆಯ ಉಳಿದವರೂ ಒಬ್ಬರು ಅಳಿಯನ ಮನೆ, ಒಬ್ಬರು ಅತ್ತೆಯ ಮನೆ ಎಂದು ಹೇಳಿದರು.

ಈ ಊರಿನಲ್ಲಿ ಸೂರಿಲ್ಲದವರು ಯಾರೂ ಇಲ್ಲವೆಂದು ಅಧಿಕಾರಿ ಅರಸನಿಗೆ ವರದಿ ಮಾಡಿದ. ಅರಸ ಸಂತೋಷಪಟ್ಟು, ಛತ್ರಕ್ಕೆಂದು ತಂದ ಕಲ್ಲಿನಲ್ಲಿ ಕುದುರೆಲಾಯ ಕಟ್ಟಿಸಿದ.

ಅಧಿಕಾರಿ ಮತ್ತೆ ಬಂದಾನೆಂಬ ಭಯಕ್ಕೆ ಹೆಂಗಸು ಹೊಳೆಯ ದಡದಲ್ಲೇ ಉಳಿದಳು. ಮಳೆ ಹಿಡಿಯಿತು. ಮಗಳ ಕೆಮ್ಮು ಎದೆಗಿಳಿಯಿತು. ಮಗು ಉಳಿಯಲಿಲ್ಲ.

ಮಳೆಗಾಲ ಕಳೆದ ಮೇಲೆ ಅಧಿಕಾರಿ ಆ ದಾರಿಯಲ್ಲಿ ಬಂದ. ಕಟ್ಟೆಗೆ ಮರಳಿದ್ದ ಅವಳು ಒಬ್ಬಳೇ ಇದ್ದಳು. ಮಗು ಎಲ್ಲಿ ಎಂದು ಕೇಳಿ, ನಡೆದದ್ದನ್ನು ತಿಳಿದು, ಅವಳ ಎದುರಿಗೆ ಕುಳಿತ.

“ನಿಜ ಹೇಳಿದ್ದರೆ ನಿನಗೊಂದು ಸೂರು ಸಿಗುತ್ತಿತ್ತಲ್ಲ ತಾಯಿ. ಯಾಕೆ ಸುಳ್ಳು ಹೇಳಿದೆ?”

“ಹೋದ ವರ್ಷವೂ ಒಬ್ಬರು ಬಂದು ಹೀಗೇ ಮೆತ್ತಗೆ ಕೇಳಿದ್ದರು ಸ್ವಾಮಿ. ನನ್ನ ಗಂಡ ಮನೆಯಿಲ್ಲವೆಂದು ನಿಜ ಹೇಳಿದ. ಅಲೆಮಾರಿಯೆಂದು ಹಿಡಿದುಕೊಂಡು ಹೋದರು. ಅವನನ್ನು ಎಲ್ಲಿಟ್ಟಿದ್ದೀರಿ?”

ಅಧಿಕಾರಿ ಎದ್ದು ಹೋದ.

ಶಿಷ್ಯ ಕೇಳಿದ: “ಹಾಗಾದರೆ ಇಂಥವರಿಂದ ನಿಜ ತಿಳಿಯಬೇಕಾದರೆ ಏನೆಂದು ಕೇಳಬೇಕು, ಗುರುಗಳೇ?”

ಗುರುಗಳು ಹೇಳಿದರು: “ಮೊದಲು ಅವಳು ಕೇಳಿದ್ದಕ್ಕೆ ಉತ್ತರ ಕೊಡು.”